ಖಂಡೇ ಪೂಜೆಯ ಕುಂಕುಮವೂ ನನ್ನ .22 ಪಿಸ್ತೂಲೂ

ದಸರೆ ಮುಗಿದ ಮೊದಲ ಭಾನುವಾರ ಧಾರವಾಡದ ಶೂಟಿಂಗ್ ರೇಂಜಿನಲ್ಲಿ 50 ತೋಟಾ ಹೊಡೆದೆ. 11 ಸಲ ಪಿಸ್ತೂಲು ನಿಂತಿತು. ನಾನು ಆಡುವುದು 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲ್. ಒಟ್ಟು 60 ಗುಂಡು. ಐದೈದು ಗುಂಡಿನ ಸರದಿ. ಮೊದಲ ನಾಲ್ಕು ಸರದಿಗೆ 150 ಸೆಕೆಂಡು, ಆಮೇಲಿನ ನಾಲ್ಕಕ್ಕೆ 20, ಕೊನೆಯ ನಾಲ್ಕಕ್ಕೆ ಬರೀ 10 ಸೆಕೆಂಡು. ಆ ಹತ್ತು ಸೆಕೆಂಡಿನಲ್ಲಿ ಎರಡನೇ ಗುಂಡಿಗೇ ಸಿಕ್ಕಿಹಾಕಿಕೊಂಡರೆ ಮುಗಿಯಿತು, ಸುಮ್ನೆ ನಿಂತು ಟಾರ್ಗೆಟ್ ನೋಡಬೇಕು.

ಪಕ್ಕದ ಲೇನಿನ ಹುಡುಗ ನಕ್ಕ. "ಕಾಕಾ, ಪಿಸ್ತೂಲಿಗೆ ನೆಗಡಿ ಆಗೇತೇನ್ರಿ?"

ನನಗೆ ತಕ್ಷಣ ನೆನಪಾದದ್ದು ಅವ್ವ.

ನನ್ನದು ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಚಿಕ್ಕ ಲೇಥ್ ಶಾಪು. ವಾಲ್ವ್ ಮಾಡುವವರಿಗೆ ಸ್ಪಿಂಡಲ್, ಸೀಟ್ ರಿಂಗ್ ತಿರುವಿ ಕೊಡುತ್ತೇನೆ. ಖಂಡೇ ಪೂಜೆಗೆ ಲೇಥ್, ಡ್ರಿಲ್, ವರ್ನಿಯರ್, ಸ್ಕೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಬೀಳುತ್ತದೆ. ಈ ವರ್ಷ ಅವ್ವ ಪಿಸ್ತೂಲನ್ನೂ ಹೊರಗೆ ತೆಗೆಸಿದಳು. "ಅದೂ ಖಂಡೆನ ಅಲ್ಲೇನೋ? ಅದಕ್ಯಾಕ ಬ್ಯಾಡ?" ಅಂದಳು. ಖಾಲಿ ಇದೆಯೋ ಅಂತ ಎರಡು ಸಲ ನೋಡಿ, ಖಾಲಿ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಸಮೇತ ಮಣೆಯ ಮೇಲಿಟ್ಟೆ. ಅವ್ವನ ಕೈ ಧಾರಾಳ. ಅರಿಶಿನ, ಕುಂಕುಮ, ಮೇಲೆ ಅಕ್ಷತೆ, ಒಂದು ಚೆಂಡುಹೂವು. ಮರುದಿನ ಬನ್ನಿ ಹಂಚುವ ಗಡಿಬಿಡಿಯಲ್ಲಿ ಬಟ್ಟೆಯಿಂದ ಒರೆಸಿ, ಮೇಲಿಂದ ಸ್ವಲ್ಪ ಎಣ್ಣೆ ಸವರಿ ಪೆಟ್ಟಿಗೆಗೆ ಹಾಕಿದೆ. ಒಳಗೆ ಬಿಚ್ಚಿ ನೋಡಲಿಲ್ಲ.

ಅಂದರೆ ಅಪರಾಧಿ ಸಿಕ್ಕಿಬಿಟ್ಟ ಅಂದುಕೊಂಡೆ. ಅಲ್ಲಿಂದ ಮೂರನೇ ಭಾನುವಾರದವರೆಗೆ ನಾನು ಬರೆದಿಟ್ಟುಕೊಂಡದ್ದು ಇಲ್ಲಿದೆ.

ಮೊದಲ ಭಾನುವಾರ, ರಾತ್ರಿ

ಶಾಪಿನಲ್ಲಿ ಯಾವುದಾದರೂ ಮಷಿನ್ ಕೆಟ್ಟರೆ ನಾನು ಮೊದಲು ನೋಟ್‌ಬುಕ್ ತೆಗೆಯುತ್ತೇನೆ, ಸ್ಪ್ಯಾನರ್ ಆಮೇಲೆ. ಇಲ್ಲೂ ಹಾಗೇ. ರೇಂಜಿನಲ್ಲೇ ಪ್ರತಿ ಸಲ ನಿಂತಾಗ ಏನಾಯಿತು, ಯಾವ ಮ್ಯಾಗಜೀನ್, ಎಷ್ಟನೇ ಗುಂಡು ಅಂತ ಗೀಚಿಕೊಂಡಿದ್ದೆ. ಮನೆಗೆ ಬಂದು ಬೇರ್ಪಡಿಸಿದೆ.

ನಾಲ್ಕು ಸಲ ತೋಟಾ ಚೇಂಬರಿನೊಳಗೆ, ಅಂದರೆ ಬ್ಯಾರಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನೊಳಗೆ, ಹೋಗಲೇ ಇಲ್ಲ. ತೋಟಾದ ಮೂತಿ ಕೆಳಗಿನ ಇಳಿಜಾರಿಗೆ ಬಡಿದು ನಿಂತಿತ್ತು. ಮೂರು ಸಲ ಗುಂಡು ಹಾರಿತು, ಖಾಲಿ ಕೇಸ್ ಹೊರಗೆ ಬೀಳಲಿಲ್ಲ. ಹಿಂದೆ ಮುಂದೆ ಸರಿಯುವ ಬೋಲ್ಟ್‌ಗೂ ಬ್ಯಾರಲ್‌ಗೂ ನಡುವೆ ಸಿಕ್ಕಿ ಆಲೆಮನೆಯ ಚಿಮಣಿಯಂತೆ ನೆಟ್ಟಗೆ ನಿಂತಿತು. ಉಳಿದ ನಾಲ್ಕು ಸಲ ಬರೀ 'ಟಿಕ್'. ಪಿನ್ ಬಡಿಯಿತು, ತೋಟಾ ಹಾರಲಿಲ್ಲ.

ಈ 'ಟಿಕ್' ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಹಾರದ ತೋಟಾ ತಡವಾಗಿ ಹಾರಬಹುದು. ಪಿಸ್ತೂಲಿನ ಮೂತಿ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡು ಕಾದು, ಆಮೇಲೆ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು ಹೊರಹಾಕಬೇಕು. ಇನ್ನೂ ಕೆಟ್ಟದ್ದು 'ಫುಸ್' ಅನ್ನುವ ಸಣ್ಣ ಸದ್ದು. ಗುಂಡು ಬ್ಯಾರಲ್ಲಿನಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರಲ್ಲೂ ಹೋಯಿತು, ಬೆರಳೂ ಹೋಗಬಹುದು. ಫುಸ್ ಅಂದರೆ ಅಲ್ಲಿಗೆ ನಿಲ್ಲಿಸಿ, ಖಾಲಿ ಮಾಡಿ, ಬ್ಯಾರಲ್ಲಿನೊಳಗೆ ಬೆಳಕು ಕಾಣುತ್ತದೆಯೋ ನೋಡಬೇಕು. ನನಗೆ ಈ ಸಲ ಅದು ಆಗಲಿಲ್ಲ.

ಪಟ್ಟಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಮೂತಿ ಬಡಿದ ನಾಲ್ಕೂ ಒಂದೇ ಮ್ಯಾಗಜೀನಿನವು. ನನ್ನ ಬಳಿ ಎರಡಿವೆ. ಹೆಂಡತಿಯ ಉಗುರುಬಣ್ಣದಿಂದ ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಇಟ್ಟಿದ್ದೇನೆ. ತಪ್ಪು ಮಾಡುತ್ತಿದ್ದದ್ದು ಒಂದು ಚುಕ್ಕೆಯದು. ಪೂಜೆಗೆ ಕೂತದ್ದೂ ಅದೇ.

ಆದರೆ ಉಳಿದ ಏಳು ಎರಡೂ ಮ್ಯಾಗಜೀನಿನಲ್ಲಿ ಆಗಿದ್ದವು. ಇದನ್ನು ಅವತ್ತು ನಾನು ಬರೆದುಕೊಂಡೆ, ಯೋಚಿಸಲಿಲ್ಲ. ಕುಂಕುಮದ ಮೇಲೆ ಅಷ್ಟು ನಂಬಿಕೆ.

ಸೋಮವಾರ, ಬಿಚ್ಚಿದ್ದು

ಪಿಸ್ತೂಲು ಹೇಗೆ ಓಡುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. .22 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಬೋಲ್ಟ್‌ಗೆ ಕೊಂಡಿ ಇರುವುದಿಲ್ಲ. ಬೋಲ್ಟಿನ ತೂಕ, ಸ್ಪ್ರಿಂಗಿನ ಒತ್ತು, ಇವೆರಡೇ ಬಾಗಿಲು. ಗುಂಡು ಮುಂದೆ ಹೋಗುವಾಗ ಖಾಲಿ ಕೇಸ್ ಹಿಂದೆ ಒದೆಯುತ್ತದೆ, ಬೋಲ್ಟ್ ಹಿಂದೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರಿನ ಉಗುರು ಕೇಸನ್ನು ಹಿಡಿದುಕೊಂಡು ಬರುತ್ತದೆ, ಇಜೆಕ್ಟರಿಗೆ ಬಡಿದು ಅದು ಹೊರಗೆ ಹಾರುತ್ತದೆ. ಸ್ಪ್ರಿಂಗ್ ಬೋಲ್ಟನ್ನು ಮತ್ತೆ ಮುಂದೆ ದೂಡುವಾಗ ಮ್ಯಾಗಜೀನಿನ ಮೇಲಿನ ತೋಟಾವನ್ನು ಎತ್ತಿಕೊಂಡು ಚೇಂಬರಿಗೆ ಹಾಕುತ್ತದೆ. ಇಷ್ಟಕ್ಕೆಲ್ಲ ಇರುವ ಶಕ್ತಿ 2.6 ಗ್ರಾಂ ತೂಕದ ಪುಟ್ಟ ಸೀಸದ ಗುಂಡು ಹೊರಡುವಾಗ ಕೊಡುವ ಒದೆತ. ಎಲ್ಲಾದರೂ ಸ್ವಲ್ಪ ಜಿಗುಟು, ಸ್ವಲ್ಪ ಕಸ ಬಂದರೆ ಅಷ್ಟರಲ್ಲೇ ಶಕ್ತಿ ಖರ್ಚಾಗಿ ಹೋಗುತ್ತದೆ.

ಒಂದು ಚುಕ್ಕೆಯ ಮ್ಯಾಗಜೀನಿನ ತಳ ಬಿಚ್ಚಿದೆ. ಹಳೆ ಪತ್ರಿಕೆಯ ಮೇಲೆ ಕೆಂಪು ಮೆತ್ತು ಬಿತ್ತು. ಕುಂಕುಮ, ಎಣ್ಣೆ, ಗುಂಡಿನ ಮೇಲಿನ ಮೇಣ, ಮಸಿ, ಎಲ್ಲ ಸೇರಿ ಒಂದು ಗಟ್ಟಿ ಹೂರಣ. ಒಂದು ಅಕ್ಷತೆ ಕಾಳು ಸ್ಪ್ರಿಂಗಿನ ಸುರುಳಿಯಲ್ಲಿ ಕೂತಿತ್ತು. ಸುಳ್ಳಲ್ಲ. ತೋಟಾಗಳನ್ನು ಮೇಲೆತ್ತುವ ಹಲಗೆ ಬೆರಳಿನಿಂದ ಒತ್ತಿ ಬಿಟ್ಟರೆ ಅರ್ಧಕ್ಕೆ ನಿಂತು, ಯೋಚನೆ ಮಾಡಿ, ಆಮೇಲೆ ಮೇಲೆ ಬರುತ್ತಿತ್ತು. ಬೋಲ್ಟ್ ಬರುವ ಹೊತ್ತಿಗೆ ತೋಟಾ ಇನ್ನೂ ಕೆಳಗೇ ಇದ್ದರೆ ಮೂತಿ ಇಳಿಜಾರಿಗೆ ಬಡಿಯದೆ ಏನು ಮಾಡುತ್ತದೆ?

ಮ್ಯಾಗಜೀನಿನ ಭಾಗಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಮ್ಯಾಗಜೀನಿನೊಳಗೆ ಎಣ್ಣೆ ಹಾಕಬಾರದು. ಕಸ ಹಿಡಿಯುತ್ತದೆ, ತೋಟಾಕ್ಕೂ ಒಳ್ಳೆಯದಲ್ಲ. ಬೋಲ್ಟಿನ ಮುಖ, ಎಕ್ಸ್‌ಟ್ರಾಕ್ಟರಿನ ಉಗುರಿನ ಹಿಂದೆ ಮಸಿ ಕಲ್ಲಿನಂತೆ ಕೂತಿತ್ತು. ಹಲ್ಲುಕಡ್ಡಿಯಿಂದ ಕೆರೆದೆ. ಮೊಳೆ, ಬ್ಲೇಡು ಬೇಡ. ಚೇಂಬರಿಗೆ ಹಿಂದಿನಿಂದ ಬ್ರಶ್ ಹಾಕಿ ತಿರುವಿದೆ. ಸೀಸದ ಕೆಲಸ ಇದು. ಕೈಗವಸು ಹಾಕಿದ್ದೆ. ಆದರೂ ಸೋಪು ಹಾಕಿ ಎರಡು ಸಲ ಕೈ ತೊಳೆದ ಮೇಲೇ ಅವ್ವ ಊಟಕ್ಕೆ ಕೂರಲು ಬಿಟ್ಟಳು.

"ನಿನ್ನ ಕುಂಕುಮ ನೋಡಬೇ" ಅಂತ ಪತ್ರಿಕೆ ತೋರಿಸಿದೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, "ಪೂಜಿ ಮಾಡಿದ್ದು ನಾ. ಒರಸೂ ಕೆಲಸ ಯಾರ್ದು?" ಅಂದಳು. ಇದಕ್ಕೆ ಉತ್ತರ ಇಲ್ಲ.

ಎರಡನೇ ಭಾನುವಾರ

ಅದೇ ಕಂಪನಿಯ 50 ತೋಟಾ. ಪಿಸ್ತೂಲು, ಮ್ಯಾಗಜೀನು, ಕೈ, ಏನೂ ಬದಲಿಲ್ಲ. ಶುಚಿ ಮಾಡಿದ್ದು ಒಂದೇ ವ್ಯತ್ಯಾಸ. ಆರು ಸಲ ನಿಂತಿತು. ಮೂತಿ ಬಡಿದದ್ದು 1, ಕೇಸ್ ಸಿಕ್ಕಿದ್ದು 2, 'ಟಿಕ್' 3.

ಆ ಒಂದರ ಕಾರಣ ನಾನೇ. .22 ತೋಟಾಕ್ಕೆ ಬುಡದಲ್ಲಿ ಅಗಲವಾದ ಅಂಚು ಇದೆ. ಮೈ 5.7 ಮಿಲಿಮೀಟರ್, ಅಂಚು 7 ಮಿಲಿಮೀಟರ್. ಮ್ಯಾಗಜೀನಿಗೆ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಸಿಕ್ಕಿದರೆ ಮೇಲಿನದು ಮುಂದೆ ಹೋಗುವಾಗ ಕೆಳಗಿನದನ್ನೂ ಎಳೆಯುತ್ತದೆ. ಕೋಚ್ ಜೊತೆ ಮಾತಾಡುತ್ತಾ ನೋಡದೆ ತುಂಬಿದ್ದೆ. ತೆಗೆದು ನೋಡಿದರೆ ಮೇಲಿನದರ ಅಂಚು ಕೆಳಗಿನದರ ಹಿಂದೆ. ಆಮೇಲೆ ಒಂದೊಂದಾಗಿ ನೋಡಿ ತುಂಬಿದೆ, ಮತ್ತೆ ಆಗಲಿಲ್ಲ.

ಕುಂಕುಮದ ಲೆಕ್ಕ ಅಲ್ಲಿಗೆ ಚುಕ್ತಾ. ಉಳಿದ ಐದು ಹಾಗೇ ಉಳಿದವು.

ಕೋಚ್‌ಗೆ ಒಂದು ಊಹೆ. "ಕೈ ಸಡಲ ಬಿಡಾಕ್ಹತ್ತೀರಿ. ಮಣಿಕಟ್ಟು ಗಟ್ಟಿ ಹಿಡೀರಿ." ಇದು ಸುಮ್ನೆ ಹೇಳುವ ಮಾತಲ್ಲ. ಕೈ ಸಡಿಲವಾದರೆ ಬೋಲ್ಟ್ ಹಿಂದೆ ಹೋಗುವಾಗ ಇಡೀ ಪಿಸ್ತೂಲೇ ಹಿಂದೆ ಹೋಗುತ್ತದೆ, ಬೋಲ್ಟಿನ ಓಟ ಕಡಿಮೆ ಆಗುತ್ತದೆ, ಕೇಸ್ ಸಿಕ್ಕಿಕೊಳ್ಳುತ್ತದೆ. ಹತ್ತು ಗುಂಡು ಎರಡೂ ಕೈಯಿಂದ, ಮೇಜಿನ ಮೇಲಿನ ಮರಳಿನ ಚೀಲಕ್ಕೆ ಆನಿಸಿ ಹೊಡೆದೆ. ಆಗಲೂ ಒಂದು ಕೇಸ್ ಸಿಕ್ಕಿತು. ಕೈ ನಿರಪರಾಧಿ.

ಇನ್ನೊಂದು ಪರೀಕ್ಷೆ ಮನಸ್ಸಿನಲ್ಲಿತ್ತು. 'ಟಿಕ್' ಅಂದ ಮೂರು ತೋಟಾಗಳನ್ನು ಎತ್ತಿಟ್ಟಿದ್ದೆ. ಮತ್ತೆ ಹಾಕಿ ಹೊಡೆದರೆ ಮೂರೂ ಹಾರಿದವು. ಅಂದರೆ ತೋಟಾ ಸತ್ತಿರಲಿಲ್ಲ. .22 ತೋಟಾದ ಮದ್ದು ಅಂಚಿನೊಳಗೆ ಇರುತ್ತದೆ. ಪಿನ್ ಅಂಚನ್ನು ಜಜ್ಜಿದರೆ ಅದು ಹೊತ್ತಿಕೊಳ್ಳುತ್ತದೆ. ಜಜ್ಜಬೇಕಾದರೆ ಅಂಚಿನ ಮುಂಬದಿಗೆ ಗಟ್ಟಿ ಆಸರೆ ಬೇಕು, ಕಬ್ಬಿಣದ ಅಡಿಗಲ್ಲಿನಂತೆ. ಆ ಅಡಿಗಲ್ಲು ಚೇಂಬರಿನ ಬಾಯಿ. ತೋಟಾ ಒಳಗೆ ಪೂರ್ತಿ ಕೂರದಿದ್ದರೆ ಪಿನ್ನಿನ ಮೊದಲ ಏಟು ಅದನ್ನು ಒಳಗೆ ದೂಡುವುದರಲ್ಲೇ ಖರ್ಚಾಗುತ್ತದೆ. ಎರಡನೇ ಏಟಿಗೆ ಹಾರುತ್ತದೆ.

ಯಾವುದೋ ಒಂದು ತೋಟಾವನ್ನು ಪೂರ್ತಿ ಒಳಗೆ ಹೋಗಲು ಬಿಡುತ್ತಿಲ್ಲ. ಅದೇ ಹೊರಗೆ ಬರುವಾಗಲೂ ಹಿಡಿಯುತ್ತಿದೆ. ಎರಡು ರೋಗ ಅಂದುಕೊಂಡದ್ದು ಒಂದೇ ಇರಬಹುದು ಅನ್ನಿಸಿದ್ದು ಧಾರವಾಡದಿಂದ ವಾಪಸ್ ಬರುವಾಗ, ನವಲೂರಿನ ಹತ್ತಿರ, ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ.

ಮಂಗಳವಾರ, ಖಾಲಿ ಕೇಸುಗಳ ಜೊತೆ

ಎರಡೂ ಭಾನುವಾರದ ಖಾಲಿ ಕೇಸುಗಳನ್ನು ರೇಂಜಿನ ಅನುಮತಿ ಕೇಳಿ ತಂದಿದ್ದೆ. ಎಣಿಸಿ ವಾಪಸ್ ಕೊಡುವ ಮಾತು. ಶಾಪಿನಲ್ಲಿ ಒಳಗಿನ ಸ್ಕ್ರೂ ಥ್ರೆಡ್ ಪರೀಕ್ಷಿಸಲು ಇಟ್ಟ ಭೂತಗನ್ನಡಿ ತೆಗೆದು ಒಂದೊಂದನ್ನೇ ತಿರುಗಿಸಿ ನೋಡಿದೆ.

ಪ್ರತಿ ಕೇಸಿನ ಮೈಮೇಲೆ ಒಂದು ಸಣ್ಣ ಗೀರು. ಬುಡದಿಂದ ಮುಂದಕ್ಕೆ, ನೆಟ್ಟಗೆ. ಗೀರು ಇದ್ದದ್ದು ದೊಡ್ಡ ವಿಷಯವಲ್ಲ. ಅದು ಪ್ರತಿ ಸಲವೂ ಪಿನ್ ಜಜ್ಜಿದ ಗುರುತಿನ ಸರಿಯಾಗಿ ಮುಂದೆ ಇತ್ತು. ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಎಡಕ್ಕೆ ಇದ್ದಿದ್ದರೆ ಕಸ ಅನ್ನಬಹುದಿತ್ತು. ಎಲ್ಲದರಲ್ಲೂ ಒಂದೇ ಜಾಗ.

ಇಪ್ಪತ್ತೈದು ವರ್ಷ ಲೇಥ್ ಮುಂದೆ ನಿಂತವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬರ್ ಇದೆ. ಚೇಂಬರಿನ ಬಾಯಿಯಲ್ಲಿ, ಪಿನ್ ಬರುವ ಜಾಗದಲ್ಲೇ, ಕಬ್ಬಿಣ ಒಳಕ್ಕೆ ಉಬ್ಬಿದೆ. ಖಾಲಿ ಪಿಸ್ತೂಲು ಬಿಚ್ಚಿ ಟಾರ್ಚ್ ಹಿಡಿದರೆ ಕಾಣಿಸಿತು, ಬಾಯಿಯ ಅಂಚಿನಲ್ಲಿ ಒಂದು ಪುಟ್ಟ ಗುಳಿ, ಅದರ ಒಳಬದಿಗೆ ಹೊಳೆಯುವ ತುಟಿ. ಕ್ಲಬ್ಬಿನ ಅಲ್ಯೂಮಿನಿಯಮ್ ಡಮ್ಮಿ ತೋಟಾವನ್ನು ಬೆರಳಿನಿಂದ ಒಳಗೆ ಬಿಟ್ಟೆ. ಕೊನೆಯಲ್ಲಿ ಕೂದಲೆಳೆಯಷ್ಟು ಉಳಿದು ನಿಂತಿತು. ಹೆಬ್ಬೆರಳಿನಿಂದ ಒತ್ತಿದ ಮೇಲೆ 'ಚಟ್' ಅಂತ ಕೂತಿತು.

ಪಿನ್ ಖಾಲಿ ಚೇಂಬರಿನ ಅಂಚಿಗೆ ಬಡಿದು ಬಡಿದು ಆದ ಗುಳಿ ಅದು. ಯಾರು ಬಡಿದದ್ದು?

ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಬಿಡಲೇ ಇಲ್ಲ. ನಾಲ್ಕು ಭಾನುವಾರ ರೇಂಜಿಗೆ ಹೋಗಲಿಲ್ಲ. ಮನೆಯ ಗೋಡೆಗೆ ಕಪ್ಪು ಚುಕ್ಕೆ ಅಂಟಿಸಿ, ದಿನಾ ರಾತ್ರಿ ಊಟ ಆದ ಮೇಲೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದೆ. ದಿನಕ್ಕೆ ನೂರು ಅಂತ ಲೆಕ್ಕ. ಶೂಟರ್‌ಗಳಿಗೆ ಇದು ಒಳ್ಳೆಯ ಅಭ್ಯಾಸ, ಏರ್ ಪಿಸ್ತೂಲಿನವರು ದಿನಾ ಮಾಡುತ್ತಾರೆ. ಆದರೆ .22 ನಲ್ಲಿ ತೋಟಾ ಇಲ್ಲದಿದ್ದರೆ ಪಿನ್ ಹೋಗಿ ತಾಗುವುದು ಚೇಂಬರಿನ ಅಂಚಿಗೆ. ಅದಕ್ಕೆಂದೇ ಪಿನ್ನನ್ನು ಸ್ವಲ್ಪ ಹಿಂದೆಯೇ ತಡೆಯುವ ಏರ್ಪಾಡು ಕೆಲವು ಪಿಸ್ತೂಲುಗಳಲ್ಲಿದೆ. ನನ್ನದರಲ್ಲೂ ಇತ್ತು, ಒಂದು ಸಣ್ಣ ಅಡ್ಡ ಪಿನ್. ಆದರೆ ಅದೂ ಸವೆದಿತ್ತು ಅಂತ ಆಮೇಲೆ ಗೊತ್ತಾಯಿತು. ಮ್ಯಾನ್ಯುಯಲ್ಲಿನಲ್ಲಿ ಖಾಲಿ ಹೊಡೆಯಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ. ಮ್ಯಾನ್ಯುಯಲ್ ಓದುವುದು ಹೊಸಬರ ಕೆಲಸ ಅಂದುಕೊಂಡಿದ್ದೆ.

ಅವ್ವನಿಗೆ ಅವತ್ತು ಏನೂ ಹೇಳಲಿಲ್ಲ.

ಬುಧವಾರ, ಕೈ ಕಟ್ಟಿ ಕೂತದ್ದು

ಈ ದಿನದ ಕೆಲಸ ಏನೂ ಇಲ್ಲ, ಆದರೂ ಬರೆಯಬೇಕು. ಮೇಜಿನ ಒಂದು ಕಡೆ ಬರ್ ಇರುವ ಬ್ಯಾರಲ್. ಇನ್ನೊಂದು ಕಡೆ ನನ್ನ ಎಲ್ಲ ಅಸ್ತ್ರ. ಸೂಜಿಯಂಥ ಅರಗಳು, ಪಾಲಿಶ್ ಪೇಪರ್, ರೀಮರ್. ಎರಡು ನಿಮಿಷದ ಕೆಲಸ ಅಂತ ಕೈ ತುರಿಸುತ್ತಿತ್ತು.

ಮಾಡಲಿಲ್ಲ. ಒಂದು ಕಾರಣ ಕಾನೂನು. 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಕೆಲಸಕ್ಕೇ ಬೇರೆ ಲೈಸೆನ್ಸ್ ಬೇಕು. ನನ್ನ ಬಳಿ ಇರುವುದು ಇಟ್ಟುಕೊಳ್ಳುವ ಲೈಸೆನ್ಸ್. ಶುಚಿ ಮಾಡಬಹುದು, ಅರ ಹಾಕಲು ಹೋಗಬಾರದು. ಇನ್ನೊಂದು ಕಾರಣ ಕಬ್ಬಿಣದ್ದು. ಬರ್ ಅಂದರೆ ಅಲ್ಲಿ ಹೆಚ್ಚಿಗೆ ಲೋಹ ಬಂದಿಲ್ಲ, ಇದ್ದ ಲೋಹ ಜಾಗ ಬಿಟ್ಟು ಒಳಗೆ ಸರಿದಿದೆ. ಅರ ಹಾಕಿ ಅದನ್ನು ಉಜ್ಜಿ ತೆಗೆದರೆ ಗುಳಿ ಗುಳಿಯಾಗೇ ಉಳಿಯುತ್ತದೆ. ಅಂಚಿಗೆ ಆಸರೆ ಇಲ್ಲದ ಒಂದು ಹಳ್ಳ. ಪಿನ್ ಬಡಿಯುವುದೇ ಅಲ್ಲಿ. ಆಮೇಲೆ 'ಟಿಕ್' ಜಾಸ್ತಿಯೇ ಆಗುತ್ತದೆ. ಸರಿದ ಲೋಹವನ್ನು ಅದರ ಜಾಗಕ್ಕೆ ವಾಪಸ್ ದೂಡಬೇಕು.

ಇದೇ ದಿನ ಬೋಲ್ಟ್ ಸ್ಪ್ರಿಂಗನ್ನೂ ಅಳೆದೆ. ಪೆಟ್ಟಿಗೆಯಲ್ಲಿದ್ದ ಹೊಸದಕ್ಕಿಂತ 3 ಮಿಲಿಮೀಟರ್ ಗಿಡ್ಡ. ಬದಲಿಸಲಿಲ್ಲ. ಒಂದೇ ಸಲಕ್ಕೆ ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಜನ್ಮದಲ್ಲಿ ಗೊತ್ತಾಗುವುದಿಲ್ಲ. ಕೆಲವರು ಹಳೆ ಸ್ಪ್ರಿಂಗನ್ನೇ ಎಳೆದು ಉದ್ದ ಮಾಡುತ್ತಾರೆ. ನಾಲ್ಕು ದಿನಕ್ಕೆ ಅದು ಮತ್ತೆ ಗಿಡ್ಡ.

ಶುಕ್ರವಾರ, ಮಿಸ್ತ್ರಿಯ ಹತ್ತಿರ

ರಿಪೇರಿ ಲೈಸೆನ್ಸ್ ಇರುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಫೋನ್ ಮಾಡಿ, ಲೈಸೆನ್ಸ್ ಪುಸ್ತಕ ಹಿಡಿದುಕೊಂಡು, ಪಿಸ್ತೂಲನ್ನು ಖಾಲಿ ಮಾಡಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಯ್ದೆ. ಮೊದಲು ಪುಸ್ತಕದ ನಂಬರಿಗೂ ಪಿಸ್ತೂಲಿನ ನಂಬರಿಗೂ ತಾಳೆ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ನನ್ನ ನೋಟ್‌ಬುಕ್ ತೋರಿಸಿದೆ. ಅವರು ಅದನ್ನು ಓದಲಿಲ್ಲ. ಒಂದು ಖಾಲಿ ಕೇಸ್ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದರು.

"ಮಳಿಗಾಲದಾಗ ಮನ್ಯಾಗ ಕುಂತು ಟಿಕ್ ಟಿಕ್ ಮಾಡೀರಿ, ಹೌದಲ್ಲೋ?"

ನಾನು ಎರಡು ವಾರ, ನೂರು ತೋಟಾ, ಒಂದು ನೋಟ್‌ಬುಕ್ ಖರ್ಚು ಮಾಡಿ ಕಂಡುಹಿಡಿದದ್ದು ಅವರಿಗೆ ಹತ್ತು ಸೆಕೆಂಡು.

ಅವರ ಹತ್ತಿರ ಇದಕ್ಕೆಂದೇ ಒಂದು ಹತಾರ ಇದೆ. ನಯವಾಗಿ ಪಾಲಿಶ್ ಮಾಡಿದ ಗಟ್ಟಿ ಉಕ್ಕಿನ ಕಡ್ಡಿ, ಒಂದು ಬದಿ ಇಳಿಜಾರು. ಕತ್ತರಿಸುವ ಹಲ್ಲು ಒಂದೂ ಇಲ್ಲ. ಒಂದು ಹನಿ ಎಣ್ಣೆ ಹಾಕಿ, ಚೇಂಬರಿಗೆ ಬಿಟ್ಟು, ಉಬ್ಬಿದ ತುಟಿಯ ಮೇಲೆ ಇಳಿಜಾರು ಬರುವಂತೆ ತಿರುವುತ್ತಾ ಒತ್ತಿದರು. ಇಸ್ತ್ರಿ ಮಾಡಿದ ಹಾಗೆ. ತೆಗೆದು ನೋಡುವುದು, ಮತ್ತೆ ಒತ್ತುವುದು. ಕಾಲು ಗಂಟೆ. ಒಂದು ಚೂರೂ ಲೋಹ ಉದುರಲಿಲ್ಲ. ಆಮೇಲೆ ಡಮ್ಮಿ ಬಿಟ್ಟರೆ ತನ್ನ ಭಾರಕ್ಕೇ ಜಾರಿ ಕೂತಿತು. ಸವೆದ ಅಡ್ಡ ಪಿನ್ ತೆಗೆದು ಹೊಸದು ಹಾಕಿ, ಫೈರಿಂಗ್ ಪಿನ್ನಿನ ತುದಿ ಚೇಂಬರಿನ ಅಂಚಿಗೆ ಮುಟ್ಟುವುದಿಲ್ಲ ಅಂತ ನನಗೇ ತೋರಿಸಿದರು.

ಮನೆಯಲ್ಲಿ ಅಭ್ಯಾಸಕ್ಕೆ ಏನು ಮಾಡಲಿ ಅಂತ ಕೇಳಿದೆ. ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಗಿಟ್ಟಿ ಇರುತ್ತದಲ್ಲ, ಸರಿಯಾದ ಅಳತೆಯದು ಆರಿಸಿದರೆ ಅದು ಚೇಂಬರಿಗೆ ಕೂರುತ್ತದೆ, ಪಿನ್ ಅದಕ್ಕೆ ಬಡಿಯುತ್ತದೆ. ಕೆಲವು ಏಟಿಗೆ ಒಮ್ಮೆ ತಿರುಗಿಸಿ, ಜಜ್ಜಿಹೋದರೆ ಎಸೆಯಿರಿ ಅಂದರು. ಹಳದಿ ಬಣ್ಣ ಇರುವುದರಿಂದ ನಿಜವಾದ ತೋಟಾ ಅಲ್ಲ ಅಂತ ಕಣ್ಣಿಗೂ ಕಾಣುತ್ತದೆ. ಮುಕ್ಕಾಲು ಪಾಲು ಶಾಪಿನಲ್ಲೇ ಕಾಲ ಕಳೆಯುವ ನನಗೆ ಇದು ಹೊಳೆದಿರಲಿಲ್ಲ.

ಮೂರನೇ ಭಾನುವಾರ

ಹಳೆ ಸ್ಪ್ರಿಂಗ್, ಅವೇ ಎರಡು ಮ್ಯಾಗಜೀನ್, ಅದೇ ಕಂಪನಿಯ ತೋಟಾ. 100 ಹೊಡೆದೆ. ಮೂತಿ ಬಡಿದದ್ದು ಇಲ್ಲ. ಕೇಸ್ ಸಿಕ್ಕಿದ್ದು ಇಲ್ಲ. ಕೇಸುಗಳು ಬಲಕ್ಕೆ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದವು, ಪಕ್ಕದ ಹುಡುಗನ ಕುರ್ಚಿಯ ಕೆಳಗೆ. ಗೀರು ಒಂದರ ಮೇಲೂ ಇಲ್ಲ.

71ನೇ ಗುಂಡಿಗೆ ಒಂದು 'ಟಿಕ್'. ಕಾದು, ತೆಗೆದು ನೋಡಿದರೆ ಪಿನ್ ಗುರುತು ಆಳವಾಗಿ, ಸರಿಯಾಗಿ ಬಿದ್ದಿತ್ತು. ತಿರುಗಿಸಿ ಹಾಕಿ ಹೊಡೆದರೂ ಹಾರಲಿಲ್ಲ. ಅಂಚಿನ ಸುತ್ತ ಮದ್ದು ಸರಿಯಾಗಿ ಹರಡದೆ ಎಲ್ಲೋ ಖಾಲಿ ಬಿಟ್ಟ ತೋಟಾ ಇರಬಹುದು. ರೇಂಜಿನ ಹಾರದ ತೋಟಾಗಳ ಡಬ್ಬಿಗೆ ಅದು ಹೋಯಿತು.

ಹತ್ತು ಸೆಕೆಂಡಿನ ನಾಲ್ಕೂ ಸರದಿ ಪೂರ್ತಿ ಆದವು. ಅಂಕ ಮಾತ್ರ ಕೇಳಬೇಡಿ. ಇಷ್ಟು ದಿನ ಪಿಸ್ತೂಲಿನ ಮೇಲೆ ಹಾಕುತ್ತಿದ್ದೆ.

ವಾಪಸ್ ಬರುವಾಗ ಲೈನ್ ಬಜಾರಿನಲ್ಲಿ ಅರ್ಧ ಕೆಜಿ ಪೇಡೆ ಕಟ್ಟಿಸಿದೆ. ಅವ್ವನ ಮುಂದಿಟ್ಟು, ಕುಂಕುಮದಿಂದ ಹಾಳಾದದ್ದು ನಾಲ್ಕೇ, ಉಳಿದದ್ದೆಲ್ಲ ನಾನೇ ಮಾಡಿಕೊಂಡದ್ದು ಅಂದೆ. ಅವಳು ಒಂದು ಪೇಡೆ ಬಾಯಿಗೆ ಹಾಕಿಕೊಂಡಳು.

"ಮುಂದಿನ ವರ್ಷ ಪೆಟಗಿಗೆ ಹಚ್ಚತೀನಿ ತಗೋ."

ಹೊಸ ಸ್ಪ್ರಿಂಗ್ ಇನ್ನೂ ಪೊಟ್ಟಣದಲ್ಲೇ ಇದೆ.